ನಿಲ್ಲು ಅಂದನೋ, ನೀಳ್ಳು ಅಂದನೋ

ಇದನ್ನು ನಂಬಿ ಅಂತ ನಿಮ್ಮ ಕೈಕಾಲು ಹಿಡಿಯುವವನಲ್ಲ ನಾನು. ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುವವನು, ಕಣ್ಣಿಗೆ ಕಂಡದ್ದನ್ನೂ ಎರಡು ಸಲ ಮುಟ್ಟಿ ನೋಡುವ ಅಭ್ಯಾಸ. ಆದರೆ ಕಳೆದ ಚಳಿಗಾಲದಲ್ಲಿ ಚಿಪ್ಪಗಿರಿ ಕಡೆಯ ಒಂದು ಕೆರೆ ಏರಿಯ ಮೇಲೆ ನಡೆದದ್ದು ನಡೆದದ್ದೇ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೊಬ್ಬರು ನೋಡಲು ಹೋಗುತ್ತೀರಿ.

ಡಾಕ್ಟರು ಸಕ್ಕರೆ ಕಾಯಿಲೆ ಅಂತ ಹೆದರಿಸಿದ ಮೇಲೆ ಸೈಕಲ್ ಹತ್ತಿದವನು ನಾನು. ಜೊತೆಗೆ ಹೆಂಡತಿಯ ತಮ್ಮ ಸುರೇಶ. ಅವಳ ತವರಿನಲ್ಲಿ ಮನೆಮಾತು ತೆಲುಗು. ಸುರೇಶನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಅವಸರದಲ್ಲಿ ಬಾಯಿಗೆ ಬರುವುದು ತೆಲುಗೇ.

ನಮ್ಮ ಸೈಕಲ್ ಗೆಳೆಯರಿಗಾಗಿ ಒಂದು ದಾರಿ ಗೊತ್ತುಮಾಡಲು ಅವತ್ತು ಹೊರಟಿದ್ದೆವು. ಗರಸಿನ ರಸ್ತೆ ಇರಬೇಕು, ಏರು ಹೆಚ್ಚಿರಬಾರದು, ಕೆರೆಯನ್ನು ಒಂದು ಸುತ್ತು ಹಾಕಿ ಬರುವಂತಿರಬೇಕು, ನಡುವೆ ಎಲ್ಲಾದರೂ ಕುಡಿಯುವ ನೀರು ಸಿಗಬೇಕು. ಹೊರಡುವಾಗ ಹೆಂಡತಿ, "ನನ್ನ ತಮ್ಮನ್ನ ಕತ್ತಲಾಗೋದ್ರೊಳಗ ಕರ್ಕೊಂಡು ಬರ್ರಿ" ಅಂದಿದ್ದಳು.

ಉಳಿದದ್ದೆಲ್ಲ ಸಿಕ್ಕಿತು, ನೀರು ಮಾತ್ರ ಸಿಗಲಿಲ್ಲ.

ಕೆರೆಯ ಪಕ್ಕದ ಊರಿನಲ್ಲಿ ಫೋನಿನಲ್ಲಿ ಮ್ಯಾಪು ನೋಡುತ್ತ ನಿಂತದ್ದೇ ತಪ್ಪಾಯಿತು. ಸೋಲಾರ್ ಕಂಪನಿಯವರು ಹೊಲ ಅಳೆಯಲು ಬಂದಿದ್ದಾರೆ ಅಂದುಕೊಂಡು ಜನ ಸುತ್ತುಗಟ್ಟಿದರು.

"ಸರ್ವೆಗೆ ಬಂದೀರೇನು?" ಟವೆಲ್ ಹೊದ್ದವನೊಬ್ಬ ಕೇಳಿದ.

"ಇಲ್ಲರಿ, ಸೈಕಲ್ ಹೊಡ್ಯಾಕ ದಾರಿ ನೋಡಾಕ ಬಂದೀವಿ."

"ಸೈಕಲ್ ಹೊಡ್ಯಾಕ ಯಾರರ ಮ್ಯಾಪ್ ನೋಡ್ತಾರೇನು?"

ನಾನು ಫೋನು ಜೇಬಿಗಿಟ್ಟೆ. ಸುರೇಶ ನಲ್ಲಿಯ ಹತ್ತಿರ ಹೋಗಿ ಬಾಟಲಿ ಚಾಚಿದ. ಅಲ್ಲಿದ್ದ ಹೆಂಗಸು ನಮ್ಮನ್ನೇ ನೋಡುತ್ತ ತುಂಬಿದ ಕೊಡವನ್ನು ನೆಲಕ್ಕೆ ಬಗ್ಗಿಸಿದಳು. "ನಿಮಗಿಲ್ಲ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸುರೇಶನಿಗೆ ಮಾತ್ರ ಬೇಜಾರಾಯಿತು. "ಕುಡಿಯೋ ನೀರು ಕೇಳಿದ್ರ ಇಲ್ಲ ಅನ್ನಬಾರದು ಬಾವಾ" ಅಂತ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಅವನ ಬಾಟಲಿಯಲ್ಲಿ ಅರ್ಧ ಉಳಿದಿತ್ತು, ನನ್ನದು ಬರಿದಾಗಿತ್ತು.

ಊರು ದಾಟಿದ ಮೇಲೆ ಜಾಲಿಮುಳ್ಳು ಚುಚ್ಚಿ ನನ್ನ ಚಕ್ರ ಪಂಕ್ಚರ್ ಆಯಿತು. ತೇಪೆ ಹಾಕಿ ಏಳುವಷ್ಟರಲ್ಲಿ ಹೊತ್ತು ಮುಳುಗಿ ಕತ್ತಲಾಗಿತ್ತು. ಆ ಊರಿನ ಮೇಲೆ ವಾಪಸ್ ಹೋಗುವ ಮನಸ್ಸಿಲ್ಲದೆ ಕೆರೆ ಏರಿ ಹತ್ತಿದೆವು.

ಕೊಳೆತ ಪಾಚಿಯ ವಾಸನೆ... ಟೈರಿನ ಕೆಳಗೆ ಗರಸು ಕರಕರ ಅನ್ನುವ ಸದ್ದು... ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿದ್ದವು. ನಾನು ಮುಂದೆ, ಸುರೇಶ ಹಿಂದೆ.

ಇದ್ದಕ್ಕಿದ್ದಂತೆ ಕಪ್ಪೆಗಳೆಲ್ಲ ಸುಮ್ಮನಾದವು.

"ನಿಲ್ಲು..."

ನೀರಿನ ಕಡೆಯಿಂದ ಬಂದ ದನಿ. ಗಂಟಲು ಒಣಗಿದ ಮುದುಕನ ದನಿ. ಊರವರೇ ಬೆನ್ನು ಹತ್ತಿದರು ಅಂತ ಬೈದುಕೊಳ್ಳುತ್ತ ಬ್ರೇಕ್ ಹಿಡಿದೆ. ದೀಪದ ಬೆಳಕಿನಲ್ಲಿ ನೋಡಿದರೆ ನನ್ನ ಮುಂದಿನ ಚಕ್ರದ ಆಚೆ ಏರಿಯೇ ಇರಲಿಲ್ಲ. ತೂಬಿನ ಹತ್ತಿರ ಮಣ್ಣು ಕುಸಿದು ಆಳವಾದ ಗುಂಡಿ ಬಿದ್ದಿತ್ತು. ನಿಲ್ಲು ಅಂದವನು ಯಾರೇ ಆಗಲಿ, ನನ್ನ ಜೀವ ಉಳಿಸಿದ್ದ.

"ಬಾವಾ, ನೀಳ್ಳು ಅಡುಗುತಾಂಡಾಡು... ಪಾಪಂ" ಅಂದ ಸುರೇಶ.

ತೆಲುಗಿನಲ್ಲಿ ನೀಳ್ಳು ಅಂದರೆ ನೀರು. ನನ್ನ ಕಿವಿಗೆ ಬಿದ್ದದ್ದು ನಿಲ್ಲು, ಅವನ ಕಿವಿಗೆ ಬಿದ್ದದ್ದು ನೀಳ್ಳು. ಯಾರೋ ನೀರು ಕೇಳುತ್ತಿದ್ದಾನೆ ಅಂದುಕೊಂಡು ಅವನು ಆಗಲೇ ಸೈಕಲ್ ಮಲಗಿಸಿ, ಬಾಟಲಿ ಹಿಡಿದು, ಕಲ್ಲುಗಳ ಮೇಲೆ ಕಾಲಿಡುತ್ತ ಕೆರೆಯೊಳಕ್ಕೆ ಇಳಿಯುತ್ತಿದ್ದ.

ಕೆರೆಯಲ್ಲಿ ಇರುವವನು ನೀರು ಯಾಕೆ ಕೇಳುತ್ತಾನೆ... ಇದು ನನಗೆ ಹೊಳೆದದ್ದು ಆಗ.

"ನಿಲ್ಲು" ಅಂತ ಕೂಗಿದೆ.

"ತೆಸ್ತಾಂಡಾ" ಅಂದ. ತರುತ್ತಿದ್ದೇನೆ ಅಂತ.

"ನಿಲ್ಲೂ..."

"ತೆಸ್ತಾಂಡಾ, ತೆಸ್ತಾಂಡಾ..." ಕಾಲು ನೀರಿಗೆ ಬಿದ್ದ ಸದ್ದು ಕೇಳಿತು. ಆ ಮುದುಕನ ದನಿ ಯಾವಾಗಲೋ ನಿಂತುಹೋಗಿತ್ತು. ಕೂಗುತ್ತಿದ್ದವನು ನಾನೊಬ್ಬನೇ. ನನ್ನ ನಿಲ್ಲು ಅವನಿಗೆ ನೀಳ್ಳು ಆಗಿ ಕೇಳಿ, ನಾನು ಕೂಗಿದಷ್ಟೂ ಅವನು ಬೇಗ ಬೇಗ ಒಳಗೆ ಹೋಗುತ್ತಿದ್ದ. ಹೆಂಡತಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

"ಸುರೇಶಾ..." ಹೆಸರು ಹಿಡಿದು ಕೂಗಿ, ಹ್ಯಾಂಡಲ್ಲಿನ ದೀಪ ಕಿತ್ತು ಅವನ ಕಡೆ ಹಿಡಿದೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಅವನು ತಿರುಗಿ ನೋಡಿದ. ಬಲಗೈ ಕೆರೆಯ ಕಡೆಗೇ ಚಾಚಿತ್ತು.

"ಬಾವಾ... ನೀವು ಅಲ್ಲಿ ಅದೀರೇನು?"

"ಹೂಂ. ಇಲ್ಲೇ ಅದೀನಿ."

"ಮತ್ತ... ಈ ಬಾಟ್ಲಿ ಹಿಡ್ಕೊಂಡು ಎಳ್ಯಾಕತ್ತಿದ್ದು ಯಾರು?"

"ಬಿಡು ಅದನ್ನ. ಬಿಟ್ಟು ಬಾ."

ಬಿಟ್ಟ. ಅರ್ಧ ಖಾಲಿ ಬಾಟಲಿ, ತೇಲಬೇಕಿತ್ತು. ತೇಲಲಿಲ್ಲ.

ಬಂದ ದಾರಿಯಲ್ಲೇ ತಿರುಗಿ, ಏರಿಯುದ್ದಕ್ಕೂ ಅವನ ರಟ್ಟೆ ಬಿಡದೆ ಸೈಕಲ್ ತಳ್ಳಿಕೊಂಡು ಬಂದೆ. ಮನೆಗೆ ಬಂದವನೇ ಮ್ಯಾಪಿನಲ್ಲಿ ಗುರುತು ಮಾಡಿದ್ದ ಆ ದಾರಿಯನ್ನು ಇಬ್ಬರ ಫೋನಿನಿಂದಲೂ ಅಳಿಸಿದೆ.

ಹೋದ ಭಾನುವಾರ ಸಂಜೆ ನೋಡಿದರೆ ಸುರೇಶ ನಮ್ಮ ಅಂಗಳದಲ್ಲಿ ಸೈಕಲ್ಲಿಗೆ ಎರಡು ತುಂಬಿದ ಬಾಟಲಿ ಸಿಕ್ಕಿಸುತ್ತಿದ್ದ. ಎಲ್ಲಿಗೆ ಅಂದರೆ ಫೋನ್ ತೋರಿಸಿದ. ಅಳಿಸಿದ ದಾರಿ ಹಾಗೇ ಇತ್ತು. ತೂಬಿನ ಜಾಗದಲ್ಲಿ ಹೊಸ ಗುರುತು, ಅದರ ಪಕ್ಕ 'ವಾಟರ್ ಸ್ಟಾಪ್' ಅಂತ ಬರಹ. ಅವನು ಕೇಳಿದ ಮಾತು, ನಾನು ಕೇಳಿದ ಮಾತು, ಎರಡೂ ಅಲ್ಲಿ ಒಟ್ಟಿಗೆ ಕೂತಿದ್ದವು.

"ಹಾಕಿದೋರು ನೀವೇ ಅಲ್ಲ ಬಾವಾ? ನಿಮ್ಮ ಹೆಸರೇ ಐತಿ."

ನಾನು ಹಾಕಿರಲಿಲ್ಲ.

ಬಾಗಿಲಲ್ಲಿ ನಿಂತ ಹೆಂಡತಿ ಮೆಲ್ಲಗೆ, "ನಿಲ್ಲಿಸ್ರಿ ಅವನ್ನ" ಅಂದಳು. ನಿಲ್ಲು ಅನ್ನುವ ಮಾತು ನನ್ನ ನಾಲಿಗೆ ತುದಿಗೂ ಬಂದಿತ್ತು. ನುಂಗಿಕೊಂಡೆ. ತುಟಿ ಬಿಗಿದುಕೊಂಡೇ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದೆ.

ಸುರೇಶ ನನ್ನನ್ನು ನೋಡಲಿಲ್ಲ. ಗೇಟಿನ ಆಚೆ ಕತ್ತಲಿನ ಕಡೆ ಕಿವಿಗೊಟ್ಟು ನಿಂತು, ಮೆಲ್ಲಗೆ ಉತ್ತರ ಕೊಟ್ಟ.

"ತೆಸ್ತಾಂಡಾ, ಬಾವಾ."