ಸಲೂನಿನ ಯಜಮಾನರ ಮೂಗು

ಕಳೆದ ವರ್ಷ ಆಷಾಢದ ಒಂದು ಬುಧವಾರ ಬೆಳಿಗ್ಗೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ಸಲೂನೊಂದರಿಂದ ನಾನು ಅರ್ಧ ಕ್ಷೌರದಲ್ಲೇ ಎದ್ದು ಹೊರಬಂದೆ. ಎಡಗೆನ್ನೆ ನುಣುಪಾಗಿತ್ತು, ಬಲಗೆನ್ನೆಯ ಮೇಲೆ ನೊರೆ ಹಾಗೇ ಇತ್ತು. ಹದಿನಾರು ವರ್ಷ ನನಗೆ ಕ್ಷೌರ ಮಾಡಿದ ಆ ಸಲೂನಿನ ಯಜಮಾನರನ್ನು ಆಮೇಲೆ ನಾನು ನೋಡಿಲ್ಲ.

ಉದ್ದನೆಯ ಮನುಷ್ಯ. ಪಟಿಕದ ಕಲ್ಲು ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳು ಬಿಳಿಚಿಕೊಂಡಿತ್ತು. ಗಿರಾಕಿ ಕುಳಿತ ತಕ್ಷಣ ಸೋಪು ಹಚ್ಚುತ್ತಿರಲಿಲ್ಲ. ಬಗ್ಗಿ, ಕಿವಿಯ ಹಿಂದೆ ಒಮ್ಮೆ ಮೂಸುತ್ತಿದ್ದರು. ಅವನು ಹಾಕುವ ಸೆಂಟು ಯಾವುದೆಂದು ತಿಳಿದ ಮೇಲೆಯೇ ಅವನಿಗೆ ಯಾವ ಆಫ್ಟರ್‌ಶೇವ್ ಎಂದು ತೀರ್ಮಾನಿಸುತ್ತಿದ್ದರು.

ವರದಿಗಾರನಾದ ಹೊಸತರಲ್ಲಿ ನಾನು ಕೆನ್ನೆಗೆ ಪುದೀನಾ ಲೋಷನ್ ಬಳಿದು, ಅಂಗಿಗೆ ಗಂಧದ ಕೊಲೋನ್ ಸಿಂಪಡಿಸಿಕೊಳ್ಳುತ್ತಿದ್ದೆ. ಮೊದಲ ದಿನವೇ ಅವರು ಮೂಗು ಮುಚ್ಚಿಕೊಂಡರು.

"ಏನ್ ಸರ ಇದು? ಕೆನ್ನಿ ಒಂದು ಹೇಳ್ತೈತೆ, ಅಂಗಿ ಇನ್ನೊಂದು ಹೇಳ್ತೈತೆ. ನಾವು ಯಾವ್ದನ್ನ ನಂಬಾಣ?"

ಗಂಧಕ್ಕೆ ಗಂಧ, ನಿಂಬೆಗೆ ನಿಂಬೆ ಎಂದು ಕಲಿಸಿದವರು ಅವರು. ಜೋಡಿ ಸಿಗದಿದ್ದರೆ ವಾಸನೆಯೇ ಇಲ್ಲದ್ದನ್ನು ಹಚ್ಚಬೇಕು. ಉರಿ ಆರಿದ ಮೇಲಷ್ಟೇ ಸೆಂಟು. ಅದೂ ಕುತ್ತಿಗೆಗೆ, ಕೆನ್ನೆಗಲ್ಲ. ಕೆಲವರಿಗೆ ಜೋಡಿಯನ್ನು ಅವರೇ ತಯಾರಿಸಿ ಕೊಡುತ್ತಿದ್ದರು. ಹರಿಹರದ ಸರ್ಕಾರಿ ಕಚೇರಿಯೊಂದರ ಗುಮಾಸ್ತರು ಅಂಥ ಗಿರಾಕಿ. ಅವರ ಭಾವಮೈದುನ ದುಬೈನಿಂದ ತಂದ ಸೆಂಟಿಗೆ ಯಾವ ಅಂಗಡಿಯಲ್ಲೂ ಜೋಡಿ ಸಿಗಲಿಲ್ಲ. ಯಜಮಾನರು ಸಾದಾ ಲೋಷನ್‌ಗೆ ಲಾವಂಚದ ಅತ್ತರು, ಲವಂಗದ ಎಣ್ಣೆ ಹನಿಸಿ ಹದ ಮಾಡಿಕೊಟ್ಟರು.

"ಇಡೀ ದಾವಣಗೇರಿಯಾಗ ಈ ವಾಸನಿ ಇರೋದು ಒಬ್ರ ಮುಖದಾಗ," ಎನ್ನುತ್ತಿದ್ದರು.

ಗುಮಾಸ್ತರು ನನಗೆ ಪರಿಚಯವಾದದ್ದು ಅದೇ ಸಲೂನಿನ ಬೆಂಚಿನ ಮೇಲೆ. ತಮ್ಮ ಕಚೇರಿಯಲ್ಲಿ ಮೇಲಿನವರು ಮರಳು ಸಾಗಣೆಯ ಪರವಾನಗಿಗಳನ್ನು ತಿದ್ದುತ್ತಿದ್ದಾರೆಂದು ಅವರು ಹೇಳಿದ್ದು ತಿಂಗಳುಗಳ ನಂತರ. ಒಂದು ಮಧ್ಯಾಹ್ನ ಹರಿಹರದ ಹೊಳೆ ದಂಡೆಯಲ್ಲಿ ಕಾಗದಗಳ ನಕಲು ಕೊಟ್ಟರು. ಬಸ್ಸು ತಪ್ಪಿದ್ದರಿಂದ ತಮ್ಮ ಬೈಕಿನಲ್ಲೇ ದಾವಣಗೆರೆಗೆ ಕರೆತಂದರು. ನನ್ನ ಗುರುತು ಯಾರಿಗೂ ಸಿಗದಿರಲೆಂದು ತಾವು ಮುಖ ಒರೆಸಿಕೊಳ್ಳುವ ಕರವಸ್ತ್ರವನ್ನು ನನ್ನ ಮುಖಕ್ಕೆ ಕಟ್ಟಿಸಿದ್ದರು.

ಬೈಕಿನಿಂದ ಇಳಿದವನು ನೇರ ಸಲೂನಿಗೆ ಹೋದೆ. ಅದು ನನ್ನ ತಪ್ಪು. ಯಜಮಾನರು ಬಗ್ಗಿ ಮೂಸಿ ನಕ್ಕರು.

"ಹರಿಹರದ ಗುಮಾಸ್ತರ ಜತಿ ಎಲ್ಲಿಗೆ ಹೋಗಿದ್ರಿ ಸರ?"

"ಯಾರ ಜತೆಗೂ ಇಲ್ಲ."

"ಆತು ಬಿಡ್ರಿ. ನಾ ಮಾಡಿದ ಮಾಲು ನಂಗೆ ತಿಳಿಯಂಗಿಲ್ಲೇನು?"

ಬೇರೆ ದಾರಿ ಇರಲಿಲ್ಲ. "ದಯವಿಟ್ಟು ಯಾರಿಗೂ ಹೇಳಬ್ಯಾಡ್ರಿ. ಅವರ ನೌಕರಿ ಹೋಗುತ್ತೆ," ಎಂದೆ.

"ನಾನ್ಯಾಕ ಹೇಳ್ಲಿ? ಈ ಕುರ್ಚಿ ಮ್ಯಾಲ ಆಡಿದ ಮಾತು ಕೂದ್ಲ ಜತಿ ಗುಡಿಸಿ ಹೋತು ಅಂತ ತಿಳ್ಕಳ್ರಿ."

ಗುರುವಾರ ವರದಿ ಪ್ರಕಟವಾಯಿತು. ಸೋಮವಾರ ಗುಮಾಸ್ತರ ಅಮಾನತಾಯಿತು. ಅಂದು ಸಂಜೆ ಅವರು ಫೋನ್ ಮಾಡಿದರು.

"ನಮ್ಮ ಆಫೀಸಿನ ಸಾಹೇಬ್ರು ನನ್ನ ಮುಖದ ಮುಂದೇ ಹೇಳಿದ್ರು ಸರ. ನಿನ್ನ ಸೆಂಟು ಪೇಪರಿನೋನ ಮುಖದಾಗ ಹೆಂಗೆ ಬಂತಪ ಅಂದ್ರು. ಸಲೂನಿನಾಗ ಗೊತ್ತಾತಂತೆ. ನಿಮ್ಮನ್ನ ನಂಬಿದ್ದೆ ನಾನು."

ಮಂಗಳವಾರ ಸಲೂನಿಗೆ ರಜೆ. ಆಪಾದನೆ ಹೊತ್ತವರ ಮಾತನ್ನೂ ಕೇಳಬೇಕೆಂಬುದು ವೃತ್ತಿಯ ಅಭ್ಯಾಸ. ಹಾಗಾಗಿ ಬುಧವಾರ ಎಂದಿನಂತೆ ಹೋಗಿ ಕುಳಿತೆ. ಎಡಗೆನ್ನೆ ಮುಗಿದಾಗ ಕೇಳಿದೆ, "ಸಾಹೇಬ್ರಿಗೆ ಹೇಳಿದ್ದು ನೀವೇನಾ?"

ಕತ್ತಿ ನಿಂತಿತು. ಅವರು ಸುಳ್ಳು ಹೇಳಲಿಲ್ಲ.

"ಭಾನುವಾರ ಕಟಿಂಗ್‌ಗೆ ಬಂದಿದ್ರು ಸರ. ಮೂಸಿ ನೋಡ್ದೆ. ನಾಯಿ ಮೂಸಿದಂಗೆ ಮೂಸ್ತೀಯಲ್ಲೋ, ಸೋಪಿನ ವಾಸನಿ ಬಿಟ್ರೆ ನಿಂಗೇನು ತಿಳಿತೈತೆ ಅಂದ್ರು. ಬೆಂಚಿನ ಮ್ಯಾಲ ಕುಂತೋರೆಲ್ಲ ನಕ್ಕರು. ನಂಗೆ ತಡಿಯಾಕಾಗ್ಲಿಲ್ಲ. ಹೇಳಿಬಿಟ್ಟೆ."

"ನೌಕರಿ ಹೋಗುತ್ತೆ ಅಂತ ಹೇಳಿದ್ದೆನಲ್ಲ?"

"ಹೇಳಿದ್ರಿ." ಕತ್ತಿಯ ನೊರೆ ಒರೆಸಿ, ತಗ್ಗಿದ ದನಿಯಲ್ಲಿ, "ಆದ್ರೂ ಸರ, ನಾನಂದಿದ್ದು ಖರೇನೇ ಇತ್ತಲ್ಲ?" ಎಂದರು.

ಆ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆ ಹೆಚ್ಚಿತ್ತು. ನಾನು ಕೊರಳಿನ ಬಟ್ಟೆ ಬಿಚ್ಚಿ ಎದ್ದೆ. "ಇನ್ನೊಂದು ಕೆನ್ನಿ ಐತ್ರಿ, ಕೂಡ್ರಿ ಸರ," ಎಂದು ಬಾಗಿಲವರೆಗೂ ಬಂದರು.

ಈಗ ಮನೆಯಲ್ಲೇ ಕ್ಷೌರ ಮಾಡಿಕೊಳ್ಳುತ್ತೇನೆ. ಗಂಧಕ್ಕೆ ಗಂಧವನ್ನೇ ಹಚ್ಚುತ್ತೇನೆ. ಉರಿ ಆರುವವರೆಗೆ ಕಾಯುತ್ತೇನೆ. ಬೇರೆ ರೀತಿ ನನಗೆ ಗೊತ್ತಿಲ್ಲ.

ಗುಮಾಸ್ತರ ಮೇಲಿನ ಇಲಾಖಾ ವಿಚಾರಣೆ ಇನ್ನೂ ಮುಗಿದಿಲ್ಲ. ಕಳೆದ ವಾರ ಹರಿಹರದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಗಡ್ಡ ಬಿಟ್ಟಿದ್ದಾರೆ.