ಚಪ್ಪಾಳೆ ಬಿದ್ದ ಮಾತು

ಹದಿನಾರರೊಳಗಿನ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಬೇಡವೆಂದು ಕಾನೂನು ತರಬೇಕೋ ಬೇಡವೋ ಎಂದು ಮಗಳ ಶಾಲೆಯಲ್ಲಿ ಹೆತ್ತವರ ಚರ್ಚೆ ಇಟ್ಟಿದ್ದರು. ‘ತರಬೇಕು’ ಎನ್ನುವವರ ಕಡೆಗೆ ನಾನೇ ಮೊದಲು ಹೆಸರು ಕೊಟ್ಟೆ. ಮಕ್ಕಳ ಕಣ್ಣು, ನಿದ್ದೆ, ಓದು ಎಂದೆಲ್ಲ ಕಾರಣ ಹೇಳಿದೆ. ನಿಜವಾದ ಕಾರಣ ದುಬೈಯಲ್ಲಿರುವ ನನ್ನ ನಾದಿನಿ.

ಒಂಬತ್ತನೇ ಕ್ಲಾಸಿನ ನನ್ನ ಮಗಳು ಎಲ್ಲವನ್ನೂ ಮೊದಲು ಚಾಟ್‌ನಲ್ಲಿ ಹೇಳುವುದು ಅವಳಿಗೆ. ಗೆಳತಿಯೊಡನೆ ಮಾತು ಬಿಟ್ಟದ್ದು, ಕಿವಿಗೆ ಇನ್ನೊಂದು ತೂತು ಚುಚ್ಚಿಸುವ ಆಸೆ, ಎಲ್ಲ. ನನಗೆ ತಿಳಿಯುವುದು ವಾರ ಕಳೆದು, ನಾದಿನಿಯ ಬಾಯಿಂದ. “ಅಯ್ಯೋ ಅತ್ತಿಗೆ, ನಿಮಗೆ ಹೇಳ್ಲಿಲ್ವಾ ಅವಳು?” ಎನ್ನುವಾಗ ಆ ದನಿಯಲ್ಲಿ ಜಂಬವೂ ಇರುವುದಿಲ್ಲ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯುವುದು. ಬಂಗುಡೆ ಹುರಿದು ಬಡಿಸಲಿಕ್ಕೆ ನಾನು, ಗುಟ್ಟು ಕೇಳಲಿಕ್ಕೆ ಅವಳು!

ಚಾಟ್ ಬೇಡ ಎಂದು ನಾನೇ ಹೇಳಿದರೆ ಗಂಡನ ತಂಗಿಯ ಮೇಲಿನ ಹೊಟ್ಟೆಕಿಚ್ಚು ಬಯಲಾಗುತ್ತದೆ. ಸರಕಾರವೇ ಹೇಳಿದರೆ ನಾನು ಒಳ್ಳೆಯವಳಾಗಿಯೇ ಉಳಿಯುತ್ತೇನೆ.

ನಮ್ಮದು ತುಳು ಮನೆ. ಆಗಿನ್ನೂ ಮೈಕಿನೆದುರು ನನ್ನ ಕನ್ನಡ ತೊದಲುತ್ತಿತ್ತು. ಭಾಷಣ ಬರೆದುಕೊಡು ಎಂದು ಮಗಳನ್ನೇ ಕೇಳಿದೆ. ಒಂದು ಕೆಲಸವಾದರೂ ನಾವಿಬ್ಬರೇ ಸೇರಿ ಮಾಡಿದಂತಾಗಲಿ ಎಂಬ ಆಸೆ. ಮರುದಿನವೇ ಎರಡು ಹಾಳೆ ತುಂಬ ಬರೆದು ತಂದಳು. ನಾನು ಓದುವುದನ್ನು ಕೇಳಿ ತಿದ್ದಿದಳು. ಆ ನಾಲ್ಕು ದಿನ ನನಗೆ ಹಬ್ಬ.

ಕೊಡಿಯಾಲ್‌ಬೈಲಿನ ಶಾಲೆಯ ಸಭಾಂಗಣದಲ್ಲಿ ತಡವರಿಸದೆ ಮಾತಾಡಿದೆ. “ಮಗುವಿನ ಮೊದಲ ಮಾತು ಕೇಳಿದವಳು ತಾಯಿ. ಆಮೇಲಿನ ಮಾತುಗಳನ್ನೆಲ್ಲ ಅವಳು ಬೇರೆಯವರಿಂದ ಕೇಳಬೇಕೇ?” ಎಂದಾಗ ಜೋರು ಚಪ್ಪಾಳೆ ಬಿತ್ತು. ನನ್ನ ಸಂಕಟ ಮಗಳಿಗೆ ಅರ್ಥವಾಗಿದೆಯಲ್ಲ ಎಂದುಕೊಂಡೆ.

ಉರ್ವದ ಮನೆಗೆ ಮರಳುವ ಬಸ್ಸಿನಲ್ಲಿ ಕೇಳಿದೆ: “ಆ ಮಾತು ನಿಂಗೆ ಹೇಗೆ ಹೊಳೀತು?”

“ಅದು ದುಬೈ ಮಾಮಿ ಬರ್ದದ್ದಮ್ಮ. ಪೂರಾ ಭಾಷಣ ಅವರದ್ದೇ. ಚಾಟ್‌ನಲ್ಲಿ ಕಳಿಸಿದ್ರು, ನಾನು ಹಾಳೆಗೆ ಇಳಿಸಿದೆ.”

“ಎಂತ? ನಾನು ಯಾವ ಕಡೆ ಮಾತಾಡುದು ಅಂತ ಅವಳಿಗೆ ಗೊತ್ತುಂಟಾ?”

“ಹೌದು. ‘ನಿನ್ನ ಅಮ್ಮನ ಮನಸ್ಸಲ್ಲಿ ಇದೇ ಇರ್ಬಹುದು, ಹೀಗೇ ಬರಿ’ ಅಂದ್ರು.”

ಮಾರ್ಕೆಟಿನ ಹತ್ತಿರ ಇಳಿದೆವು. ಮಗಳು ಮುಂದೆ ಮುಂದೆ ನಡೆದಳು. ಹಾಳೆಗಳು ಇನ್ನೂ ನನ್ನ ಕೈಯಲ್ಲೇ ಇದ್ದವು. ನನ್ನ ಹೊಟ್ಟೆಕಿಚ್ಚನ್ನು ಕೂಡ ನನಗಿಂತ ಚೆಂದ ಮಾಡಿ ನಾದಿನಿಯೇ ಬರೆದಿದ್ದಳು.