ರಾಗಿ ಪೈರಿನ ಗೋದಲಿ

ನರ್ಸಮ್ಮನ ಬೆರಳಿಗೆ ಉಗುರೇ ಇಲ್ಲವೇನೋ ಅನ್ನಬೇಕು, ಅಷ್ಟು ಒತ್ತಿ ಕತ್ತರಿಸಿಕೊಳ್ಳುತ್ತಿದ್ದರು. ಬೆರಳ ತುದಿಗಳು ಸದಾ ನೀರಲ್ಲಿ ನೆನೆದ ಹಾಗೆ ಬಿಳುಚಿಕೊಂಡಿರುತ್ತಿದ್ದವು. ಹನ್ನೊಂದು ತಿಂಗಳು ಸ್ಪಿರಿಟ್ಟಿನ ವಾಸನೆ, ಡಿಸೆಂಬರಿನಲ್ಲಿ ಮಾತ್ರ ಬೆಲ್ಲದ ಪಾಕದ ವಾಸನೆ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನ ವಯಸ್ಸಿನವರನ್ನೆಲ್ಲ ಮೊದಲು ಮುಟ್ಟಿದ್ದು ಆ ಬೆರಳುಗಳೇ.

ಹೆರಿಗೆ ಮನೆಯೆಂದರೆ ಗೋಳು ಇದ್ದದ್ದೇ. ಹೊಸ್ತಿಲು ದಾಟುತ್ತಲೇ ಗದರುತ್ತಿದ್ದರು: "ಅಳಾದು ಆಮ್ಯಾಕೆ. ಮೊದ್ಲು ನೀರ್ ಕಾಯ್ಸಿ." ಊರಿನಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು. ಕರೆಂಟು ಹೋದರೂ ಅದೇ, ಬಸ್ಸು ತಪ್ಪಿದರೂ ಅದೇ.

ಊರಿಗೆಲ್ಲ ಕ್ರಿಸ್‌ಮಸ್ ಮಾಡುವ ಮನೆ ಅವರದೊಂದೇ, ಅದೂ ನಮ್ಮ ಗೋಡೆಗೆ ಗೋಡೆ. ಮದುವೆಯಾಗದ ಒಂಟಿ ಹೆಂಗಸು. ಹಾಗಾಗಿ ಅವರ ಹಬ್ಬಕ್ಕೆ ನಾವೇ ಮನೆಮಂದಿ. ಹತ್ತು ದಿನ ಮುಂಚೆ ತಟ್ಟೆಗಳಿಗೆ ಮಣ್ಣು ತುಂಬಿ ರಾಗಿ ಚೆಲ್ಲುವುದು ನನ್ನ ಕೆಲಸ. ಹಬ್ಬದ ಹೊತ್ತಿಗೆ ಪೈರು ನಾಲ್ಕು ಬೆರಳುದ್ದ ಎದ್ದು ಹುಲ್ಲುಗಾವಲಾಗುತ್ತಿತ್ತು. ಅದರ ನಡುವೆ ಕಬ್ಬಿನ ಸೋಗೆಯ ಗುಡಿಸಲು, ಒಡೆದ ಕನ್ನಡಿಯ ಕೆರೆ, ಅವರೇ ಮಾಡಿದ ಮಣ್ಣಿನ ಕುರಿಗಳು, ಒಣಹುಲ್ಲಿನ ಮೇಲೆ ಅಂಗೈಯಗಲದ ಬಾಲಯೇಸು. ಅದಕ್ಕೆ ಗೋದಲಿ ಅನ್ನುತ್ತಿದ್ದರು. ದನಕ್ಕೆ ಮೇವು ಹಾಕುವ ಜಾಗ ಎಂದು ಬಿಡಿಸಿ ಹೇಳಿದಾಗ ನಮ್ಮಜ್ಜಿ ಹೌಹಾರಿದಳು.

"ಅಂದ್ರೆ ಗೊಂತಾ? ದ್ಯಾವ್ರು ಗೊಂತಲ್ಲಿ ಉಟ್ನಾ? ಆ ತಾಯ್ಗೆ ಒಂದ್ ಚಾಪೆ ಕೊಡೋರು ಇರ್ನಿಲ್ವಾ?"

"ನಾನಲ್ಲಿ ಇರ್ಲಿಲ್ಲ ಕಣವ್ವ. ಇದ್ದಿದ್ರೆ ನೀರಾದ್ರೂ ಕಾಯಿಸ್ತಿದ್ದೆ."

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ಈ ಕುರಿಗಳ ಕಾಲ್ ನೋಡು, ಕತ್ತೆ ಕಾಲು. ಬಂಡೂರು ಕುರಿ ಇಂಗಿರ್ತದಾ?" ಎಂದಳು. ನರ್ಸಮ್ಮ ಅಲ್ಲೇ ಕೂತು ಕುರಿಗಳ ಕಾಲು ಮುರಿದು ಗಿಡ್ಡ ಮಾಡಿದರು.

ನನಗೆ ಒಂಬತ್ತು ವರ್ಷವಿದ್ದಾಗ, ಕಾರ್ತಿಕದಲ್ಲಿ, ನನಗೊಬ್ಬ ತಮ್ಮ ಹುಟ್ಟಿದ. ಅಳಲಿಲ್ಲ. ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಹೆರಿಗೆ ಮಾಡಿಸಿದವರು ನರ್ಸಮ್ಮ. ಅವರ ತಪ್ಪೇನೂ ಇರಲಿಲ್ಲ, ಅದು ಅಮ್ಮನಿಗೂ ಗೊತ್ತಿತ್ತು. ಆದರೂ ಅಮ್ಮ ಅವರ ಮುಖ ನೋಡುವುದನ್ನು ಬಿಟ್ಟಳು. ಅಳಲೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದವಳು ಡಿಸೆಂಬರ್ ಬಂದರೂ ಹಾಗೇ ಇದ್ದಳು.

ಹಬ್ಬದ ಬೆಳಿಗ್ಗೆ ಎಂದಿನಂತೆ ಕಜ್ಜಾಯದ ತಟ್ಟೆ ಬಂತು. ನಮ್ಮಲ್ಲಿ ಬಂದ ತಟ್ಟೆಯನ್ನು ಬರಿದಾಗಿ ಕಳಿಸುವುದಿಲ್ಲ, ಚೂರು ಸಕ್ಕರೆಯಾದರೂ ಹಾಕಬೇಕು. ಅಮ್ಮ ತಿರುಗಿಯೂ ನೋಡದೆ, "ಅಂಗೇ ಕೊಟ್ ಬಾ" ಅಂದಳು. ಕಜ್ಜಾಯದ ಸಮೇತ ವಾಪಸು ಒಯ್ದೆ. ನರ್ಸಮ್ಮ ತಟ್ಟೆ ಇಸಿದುಕೊಂಡು ಒಳಗೆ ಹೋದರು.

ನಡುಮನೆಯಲ್ಲಿ ಗೋದಲಿ ಇತ್ತು. ಅದರಲ್ಲಿ ಮಗು ಮಲಗಿತ್ತು, ಹತ್ತು ಬೆರಳೂ ಸರಿಯಾಗಿದ್ದ ಮಗು. ಅವರ ಮನೆಯಲ್ಲಿ ಇದೆ, ನಮ್ಮ ಮನೆಯಲ್ಲಿ ಇಲ್ಲ ಅನ್ನಿಸಿತು. ಎತ್ತಿ ಲಂಗದ ಮಡಿಲಿಗೆ ಹಾಕಿಕೊಂಡೆ. ಮನೆಗೆ ಓಡಿ ಅಮ್ಮನ ಮಗ್ಗುಲಲ್ಲಿ ಮಲಗಿಸಿ, "ಪಾಪು ತಂದಿವ್ನಿ" ಅಂದೆ. ಈಗ ಅನ್ನಿಸುತ್ತದೆ, ಎಂಥಾ ಕೆಲಸ ಮಾಡಿದೆ!

ಅಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಸೆರಗು ಹೊದಿಸಿದಳು.

ಸಂಜೆ ಹುಡುಕಿಕೊಂಡು ನರ್ಸಮ್ಮ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ನಾನು ಏಟು ಬೀಳುತ್ತದೆಂದು ಅಜ್ಜಿಯ ಹಿಂದೆ ಸರಿದೆ.

"ಮನೀಕಂಡಿರ್ಲಿ ಬುಡು," ಅಂದರು.

ಆಗ ಅಮ್ಮ ಕೇಳಿದಳು: "ನರ್ಸಮ್ಮ, ಅವನ್ನ ತೊಳುದ್ರಾ?"

"ತೊಳುದೆ ಕಣವ್ವ."

"ತಣ್ಣೀರಲ್ಲಾ?"

"ಬಿಸ್ನೀರಲ್ಲೇ ತೊಳುದೆ. ಎಲ್ಲಾ ಮಕ್ಕಳ್ನೂ ತೊಳ್ಯೋ ಅಂಗೇ ತೊಳುದೆ."

ಅಮ್ಮ ಅವತ್ತು ಅತ್ತಳು. ನರ್ಸಮ್ಮ ಒಲೆ ಹಚ್ಚಿ ನೀರು ಕಾಯಿಸಿ ಅವಳಿಗೆ ತಲೆಗೆರೆದರು. ಆಮೇಲೆ ಅವರು ಮತ್ತೆ ತಂದ ತಟ್ಟೆಯಿಂದ ಅಮ್ಮ ಒಂದು ಕಜ್ಜಾಯ ತಿಂದಳು.

ಮಗು ನಮ್ಮ ಮನೆಯಲ್ಲೇ ಉಳಿಯಿತು. ಮುಂದಿನ ವರ್ಷ ಅಮ್ಮ ನಾಚಿಕೊಂಡು ತೆಗೆದುಕೊಂಡು ಹೋದರೆ, "ಒಂದ್ ವರ್ಸ ಸಾಕ್ಬುಟ್ಟು ಈಗ ವಾಪಸ್ ಕೊಟ್ಟೀಯಾ?" ಎಂದು ಗದರಿ ಕಳಿಸಿದರು. ಹೊಸದನ್ನೂ ಕೊಳ್ಳಲಿಲ್ಲ. ಅಲ್ಲಿಂದಾಚೆ ಪ್ರತಿ ಡಿಸೆಂಬರಿನಲ್ಲೂ ರಾಗಿ ಪೈರಿನ ನಡುವೆ ಬರೀ ಹುಲ್ಲು. ನೋಡಲು ಬಂದವರು ಮಗು ಎಲ್ಲಿ ಎಂದು ಕೇಳಿದರೆ ಒಂದೇ ಉತ್ತರ: "ಪಕ್ಕದ್ ಮನೆಗೆ ಓಗವ್ನೆ."

ಅಮ್ಮ ಅದನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಳು. ಅಮ್ಮ ಹೋದ ಮೇಲೆ ನನ್ನ ಜೊತೆ ಮಂಡ್ಯಕ್ಕೆ ಬಂತು.

ಈ ವರ್ಷ ಮಳೆಗಾಲದಲ್ಲಿ ನರ್ಸಮ್ಮ ತೀರಿಕೊಂಡರು. ಫೋನು ಬಂದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಉಳಿದಿದ್ದ ನಾಲ್ಕನ್ನೂ ತಿದ್ದಿ ಎದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ, ದಾರಿಯಲ್ಲಿ ಏನು ಕಂಡೆನೋ ನೆನಪಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು, ಅವರ ತಂಗಿಯ ಮಗಳನ್ನು ಕೇಳಿ, ಜೊತೆಗೆ ಒಯ್ದಿದ್ದ ಮಗುವನ್ನು ನರ್ಸಮ್ಮನ ಕೈಗಿಟ್ಟೆ. ಉಗುರು ಬೆಳೆದಿದ್ದವು. ಅದೊಂದು ಕಣ್ಣಿಗೆ ಬಿತ್ತು. ಅಳು ಬರಲಿಲ್ಲ. ನಮ್ಮೂರ ಹೆಂಗಸೊಬ್ಬಳು, "ಸಾಕಿದಂಗೆ ಸಾಕಿದ್ರು, ಒಂದ್ ತೊಟ್ಟು ಕಣ್ಣೀರಿಲ್ವಲ್ಲಾ" ಅಂದದ್ದು ಕೇಳಿಸಿತು. ನಿಜ ಅನ್ನಿಸಿತು. ಊಟ ಮಾಡಿದೆ, ಸ್ಕೂಲಿಗೆ ಹೋದೆ, ನಾಲ್ಕು ತಿಂಗಳು ಹಾಗೇ ಕಳೆಯಿತು.

ಮೊನ್ನೆ ಯಾಕೋ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲಿದೆ. ಪೈರು ಬಂತು. ಕನ್ನಡಿ ಚೂರು, ಸೋಗೆಯ ಗುಡಿಸಲು, ಒಣಹುಲ್ಲು. ಮಗಳು ಬಗ್ಗಿ ನೋಡಿ, "ಅಮ್ಮಾ, ಪಾಪು ಎಲ್ಲಿ?" ಅಂದಳು.

"ಪಕ್ಕದ್ ಮನೆಗೆ ಓಗವ್ನೆ," ಅಂದೆ.

ಇಪ್ಪತ್ತು ವರ್ಷದಿಂದ ಮಕ್ಕಳಿಗೆ 'ಹ' ತಿದ್ದುತ್ತಿರುವ ಕನ್ನಡ ಟೀಚರು ನಾನು. ಮಗಳು ಕಿಸಕ್ಕನೆ ನಕ್ಕಳು. ನಾನು ನೀರು ಕಾಯಿಸಲು ಅಡುಗೆಮನೆಗೆ ಹೋದೆ. ನೀರು ಕಾಯಿತು. ಆಗ ಅಳು ಬಂತು.